ಬೀಗಿತ್ತಿಯ ಅಂಗಳದ ನಲ್ಲಿ

ಭಾವನ ಊರು ಪೋಲೆಂಡಿನ ಒಂದು ಮೂಲೆಯಲ್ಲಿದೆ. ಅದರ ಹೆಸರನ್ನು ನಮ್ಮಮ್ಮ ಒಂದು ಸಲವೂ ಪೂರ್ತಿ ಹೇಳಿದವಳಲ್ಲ. ಅರ್ಧ ಹೇಳಿ, ಸೀನು ಬಂದ ಹಾಗೆ ಮಾಡಿ ಬಿಟ್ಟುಬಿಡುತ್ತಾಳೆ. ನಾನಿರುವ ಫಾಸ್ಟರ್ ಸಿಟಿಯಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ನಾನು ಆ ಸೀನನ್ನು ಮಾಡಿ ತೋರಿಸಬೇಕು, ಜನ ಬಿಡುವುದಿಲ್ಲ. ಭಾವ "ಸಾಕು, ಸಾಕು" ಎನ್ನುತ್ತಲೇ ತಟ್ಟೆ ಮುಂದಕ್ಕೆ ತಳ್ಳುವುದು, ಅಕ್ಕ ಗಂಡನಿಗೂ ಪೇಶೆಂಟಿಗೆ ಹೇಳುವ ದನಿಯಲ್ಲೇ ಪಾತ್ರೆ ತೊಳೆಯಲು ಹೇಳುವುದು, ಎಲ್ಲದರ ಅಣಕವೂ ನನ್ನ ಬಳಿ ಇದೆ. ಮೆನ್ಲೋ ಪಾರ್ಕಿನ ಆಫೀಸಿನ ಮೀಟಿಂಗಿನಲ್ಲಿ ಏನೂ ಅರ್ಥವಾಗದೆ ಗಂಭೀರವಾಗಿ ತಲೆಯಾಡಿಸುವ ನನ್ನನ್ನೂ ಮಾಡುತ್ತೇನೆ. ಭಾವನ ತಾಯಿಯನ್ನು ಮಾತ್ರ ಯಾರೆದುರೂ ಮಾಡಿಲ್ಲ.

ಆಕೆ ಅಕ್ಕನ ಮದುವೆಗೆ ಬಂದಿರಲಿಲ್ಲ. ಆಮೇಲೆ ಫೋನಿನಲ್ಲೂ ಸೊಸೆಯ ಜೊತೆ ಮಾತಾಡಿರಲಿಲ್ಲ. ಅಕ್ಕ ಬಸುರಿ ಎಂದು ತಿಳಿದ ಮೇಲೆ, ನವೆಂಬರಿನಲ್ಲಿ ಬರುವ ಸತ್ತವರ ಹಬ್ಬಕ್ಕೆ ಎಲ್ಲರೂ ಬನ್ನಿ, ನಿನ್ನ ಹೆಂಡತಿಯ ತಾಯಿಯೂ ಬರಲಿ ಎಂದು ಮಗನಿಗೆ ಹೇಳಿದರಂತೆ. ಅಕ್ಕನಿಗೆ ಬೇಕಾಗಿದ್ದದ್ದು ಒಂದೇ: ಹೆರಿಗೆಯ ಹೊತ್ತಿಗೆ ಅತ್ತೆ ತನ್ನ ಮನೆಗೆ, ಡ್ಯಾನ್‌ವಿಲ್‌ಗೆ ಬರಬೇಕು, ಮಗುವನ್ನು ಎತ್ತಿಕೊಳ್ಳಬೇಕು. ಅದಕ್ಕಾಗಿ ವಿಮಾನದ ಉದ್ದಕ್ಕೂ ಅಮ್ಮನಿಗೆ ಪಾಠ. ಏನು ಬಡಿಸಿದರೂ ಮುಖ ಕಿವುಚಬಾರದು. ಇದರಲ್ಲಿ ಮೊಟ್ಟೆ ಇದೆಯಾ ಎಂದು ಮತ್ತೆ ಮತ್ತೆ ಕೇಳಬಾರದು. ಅಮ್ಮ ಎಲ್ಲದಕ್ಕೂ ಹೂಂ ಎಂದು ನಿದ್ದೆ ಹೋದಳು.

ಊರೆಂದರೆ ಒಂದು ಚೌಕ, ಒಂದು ಚರ್ಚು, ನಾವು ನಡೆದತ್ತ ಒಟ್ಟಿಗೆ ಕತ್ತು ತಿರುಗಿಸುವ ಬೆಂಚಿನ ಮುದುಕರು. ಭಾವ ನಮ್ಮನ್ನು ಗುಡ್ಡದ ಮೇಲಿನ ಪಾಳುಕೋಟೆಗೆ ಹತ್ತಿಸಿ, ಯಾವುದೋ ರಾಜ ಇಲ್ಲಿ ಒಂದು ರಾತ್ರಿ ತಂಗಿದ್ದ ಎಂದು ಹೆಮ್ಮೆಯಿಂದ ಹೇಳಿದ. ಅವನು ಮಲಗೆದ್ದು ಹೋದದ್ದಕ್ಕೆ ನನ್ನ ಮಂಡಿ ಯಾಕೆ ಸವೆಸಿದಿರಿ ಎಂದು ಅಮ್ಮ ಕೇಳಿದಳು. ಇಳಿದು ಬರುವಾಗ ಸಂತೆಯಲ್ಲಿ ಸೇವಂತಿಗೆಯ ಕುಂಡಗಳನ್ನು ಕಂಡು ಹಿಗ್ಗಿ, ಒಂದನ್ನು ಕೊಂಡು ಬೀಗಿತ್ತಿಯ ಕೈಗಿಟ್ಟಳು. ಅಲ್ಲಿ ಸೇವಂತಿಗೆ ಗೋರಿಗೆ ಮಾತ್ರ ಇಡುವ ಹೂವು. ಭಾವ ಬೆವೆತುಹೋದ. ಅವನ ತಾಯಿ ಮಾತ್ರ ನಕ್ಕು, ಒಳ್ಳೆಯದೇ ಆಯಿತು, ನಾಳೆ ನನ್ನ ಗಂಡನಿಗೆ ಇಡುತ್ತೇನೆ ಎಂದರು. ಅಷ್ಟು ದೊಡ್ಡ ಮನಸ್ಸಿನ ಹೆಂಗಸು.

ಮರುದಿನ ಸಂಜೆ ಊರಿಗೆ ಊರೇ ಸ್ಮಶಾನದಲ್ಲಿತ್ತು. ಗೋರಿ ಗೋರಿಯ ಮೇಲೂ ಗಾಜಿನ ಗೂಡಿನ ದೀಪ. ಆಕೆ ಅಮ್ಮ ಕೊಟ್ಟ ಸೇವಂತಿಗೆಯನ್ನು ಗಂಡನ ಗೋರಿಯ ಮೇಲಿಟ್ಟು, ಅಕ್ಕನ ಕೈ ಹಿಡಿದು ಆ ಕಲ್ಲಿನ ಮೇಲೆ ಒತ್ತಿ ಏನೋ ಹೇಳಿದರು. ಇವಳು ನಮ್ಮವಳು ಎಂದು ಅಪ್ಪನಿಗೆ ಹೇಳುತ್ತಿದ್ದಾರೆ ಎಂದ ಭಾವ. ಅಕ್ಕ ಅತ್ತುಬಿಟ್ಟಳು. ಅಮ್ಮ ನೋಡುತ್ತಿದ್ದದ್ದು ಅಕ್ಕನ ಹೊಟ್ಟೆಯನ್ನು.

ಮನೆಗೆ ಮರಳಿದಾಗ ಎಲ್ಲರೂ ಒಳಗೆ ಹೊರಟರೆ ಅಮ್ಮ ಗೇಟಿನ ಬಳಿಯೇ ನಿಂತಳು. ಬಚ್ಚಲಿರುವುದು ಮನೆಯೊಳಗೆ, ಸ್ನಾನವಿಲ್ಲದೆ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಅಂಗಳದಲ್ಲಿ ಗಿಡಕ್ಕೆ ನೀರು ಹಾಕುವ ನಲ್ಲಿಯೊಂದಿತ್ತು, ಅದರ ಕೆಳಗೊಂದು ಬಕೆಟ್ಟು.

"ಅಮ್ಮಾ, ಪ್ಲೀಸ್. ಇಲ್ಲಿ ಬೇಡ," ಅಂದಳು ಅಕ್ಕ.

"ನಿಮ್ಮಪ್ಪನ್ನ ಕಳಿಸಿ ಬಂದಾಗ್ಲೂ ತಲೆ ಮೇಲೆ ನೀರು ಹಾಕ್ಕೊಂಡೇ ಒಳಗೆ ಬಂದೋಳು ಕಣೇ ನಾನು. ಕಟ್ಟಿಕೊಂಡ ಗಂಡನ ಮೇಲೆ ಅಸಹ್ಯ ಇರುತ್ತಾ? ನೀನೂ ಒಂದು ಚೊಂಬು ಹಾಕ್ಕೋ. ಹೊಟ್ಟೇಲಿರೋದಕ್ಕೋಸ್ಕರನಾದ್ರೂ."

ಅಕ್ಕ ಬೆನ್ನು ತಿರುಗಿಸಿ ಒಳಗೆ ಹೋದಳು. ಅಮ್ಮ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಉಟ್ಟ ಸೀರೆಯಲ್ಲೇ, ಉಸಿರು ಹೊಗೆಯಾಗುವ ಆ ಚಳಿಯಲ್ಲಿ, ಬಕೆಟ್ಟು ತುಂಬಿಸಿ ತಲೆಯ ಮೇಲೆ ಸುರಿದುಕೊಂಡಳು. ಪಕ್ಕದ ಮನೆಯವರು ಬೇಲಿಯ ಬಳಿ ನಿಂತು ನೋಡಿದರು. ಊರಿಗೆಲ್ಲ ತಮಾಷೆ ಮಾಡುವ ನಾನು ಒದ್ದೆ ನೆಲದಲ್ಲಿ ಕೋಟಿನ ಸ್ಟ್ಯಾಂಡಿನ ಹಾಗೆ ನಿಂತಿದ್ದೆ.

ಭಾವನ ತಾಯಿ ಬಾಗಿಲಿಗೆ ಬಂದು, ಏನಿದು ಎಂದು ಮಗನನ್ನು ಕೇಳಿದರು. ಸ್ಮಶಾನದಿಂದ ಬಂದರೆ ತೊಳೆದುಕೊಳ್ಳಬೇಕಂತೆ ಎಂದು ಅವನು ಹೇಳಿರಬೇಕು. ಆಕೆ ಕೇಳಿದ್ದನ್ನು ಅವನು ಸ್ವಲ್ಪವೂ ಮೆತ್ತಗೆ ಮಾಡದೆ ನಮಗೆ ದಾಟಿಸಿದ.

"ನನ್ನ ಗಂಡನನ್ನು ತೊಳೆದುಕೊಳ್ತಿದಾಳಾ ಅಂತ ಕೇಳ್ತಿದಾರೆ."

ಅಲ್ಲ ಎನ್ನಲು ನಾನು ಬಾಯಿ ತೆರೆದೆ. ಮೈಲಿಗೆ ಎಂಬುದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅದು ಕೊಳಕು ಎಂದೇ ಕೇಳಿಸುತ್ತಿತ್ತು.

ಆಕೆ ಬೈಯಲಿಲ್ಲ. ಅಮ್ಮನಿಗೆ ಟವೆಲ್ ಕೊಟ್ಟರು, ಹೀಟರ್ ಹತ್ತಿರಕ್ಕೆ ಎಳೆದರು, ಸೂಪು ಬಡಿಸಿದರು, ಅದರಲ್ಲಿ ಮಾಂಸವಿಲ್ಲವೆಂದು ಕೈಸನ್ನೆಯಲ್ಲೇ ಹೇಳಿದರು. ಅಕ್ಕನ ಕಡೆ ಮಾತ್ರ ನೋಡಲಿಲ್ಲ. ಅಕ್ಕ ಗೋರಿಯ ದೀಪದ ಮೇಣ ಅಂಟಿದ ಕೈಯಲ್ಲೇ ಬ್ರೆಡ್ಡು ಮುರಿದು, ಅಮ್ಮನಿಗೆ ಕಾಣುವ ಹಾಗೆ ತಿಂದಳು. ಬೆಳಿಗ್ಗೆ ಭಾವ ಹೆರಿಗೆಯ ಮಾತೆತ್ತಿದಾಗ, ಅಷ್ಟು ದೂರದ ವಿಮಾನ ಪ್ರಯಾಣ ಈ ವಯಸ್ಸಿಗೆ ಆಗದು ಎಂಬ ಉತ್ತರ ಬಂತು.

ಏರ್‌ಪೋರ್ಟಿನ ದಾರಿಯಲ್ಲಿ, ಕಾಡಿನಂಚಿಗೆ, ಯೆಹೂದಿಗಳ ಹಳೆಯ ಸ್ಮಶಾನವೊಂದಿತ್ತು. ಮೊದಲೇ ಗೊತ್ತುಮಾಡಿದ್ದರಿಂದ ಭಾವ ನಿಲ್ಲಿಸಿದ. ಬೇಡ ಎನ್ನುವ ಹುರುಪೂ ಯಾರಿಗೂ ಇರಲಿಲ್ಲ. ಅಮ್ಮ ಕಾರಿನಿಂದ ಇಳಿಯಲಿಲ್ಲ. ವಾಲಿದ ಕಲ್ಲುಗಳ ನಡುವೆ ಸುತ್ತಿ ಬಂದು, ಗೇಟಿನ ಬಳಿ ನಾನೂ ಅಕ್ಕನೂ ಫಲಕ ಓದಿದೆವು. ಅಲ್ಲಿದ್ದ ಕಲ್ಲಿನ ತೊಟ್ಟಿ ಕೈತೊಳೆಯಲು ಇಟ್ಟದ್ದಂತೆ. ಸತ್ತವರ ಬಳಿಯಿಂದ ಮನೆಗೆ ಮರಳುವವರು ನೀರು ಮುಟ್ಟದೆ ಹೋಗುತ್ತಿರಲಿಲ್ಲವಂತೆ. ತೊಟ್ಟಿಯಲ್ಲಿ ಒಣಗಿದ ಎಲೆಗಳಿದ್ದವು. ಅಮ್ಮನ ಸ್ನಾನ ಅರ್ಥವಾಗುತ್ತಿದ್ದ ಜನ ಆ ಊರಲ್ಲಿ ಇದ್ದರು. ಯುದ್ಧದ ಕಾಲದಲ್ಲಿ ಅವರನ್ನೆಲ್ಲ ಒಯ್ದು ಕೊಂದರು.

"ಅಮ್ಮನಿಗೆ ಹೇಳ್ಬೇಡ ಕಣೋ," ಅಂದಳು ಅಕ್ಕ.

ಯಾಕೆ ಎಂದೆ.

"ಸದ್ಯಕ್ಕೆ ನನಗೆ ಅವಳ ಮೇಲೆ ಸಿಟ್ಟಿರ್ಲಿ. ಅದೂ ಇಲ್ಲ ಅಂದ್ರೆ ನಾನೇನ್ಮಾಡ್ಲಿ?"

ನಾವು ಬರುವುದನ್ನು ಕಂಡು ಅಮ್ಮ ಕಿಟಕಿಯ ಗಾಜು ಇಳಿಸಿದಳು. ರಾತ್ರಿಯಿಂದ ಅವಳ ಗಂಟಲು ಕಟ್ಟಿತ್ತು. ಕೈಯನ್ನಾದರೂ ತೊಳೆದುಕೊಂಡು ಹತ್ತು ಎಂದು ನೀರಿನ ಬಾಟಲಿಯನ್ನು ಹೊರಗೆ ಚಾಚಿದಳು. ಅಕ್ಕ ಅದರ ಪಕ್ಕದಿಂದಲೇ ಹಾದು, ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡಳು.