ಚೆಕ್‌ರೋಲಿನಲ್ಲಿದ್ದ ಇಟಲಿಯ ಮನೆತನದ ಹೆಸರು

1999ರ ಜನವರಿ ತಿಂಗಳು. ಕಳಸ ಮತ್ತು ಸಂಸೆಯ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿ ಸೇರಿ ಆಗ ಎಂಟು ತಿಂಗಳಾಗಿತ್ತು. ಅದೇ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ, ಮೂಡಿಗೆರೆಯಲ್ಲಿ ಬಿ.ಎ. ಮುಗಿಸಿ, ಅಪ್ಪ ಹಣ್ಣು ಕೊಯ್ಯುವ ತೋಟದ ಕಚೇರಿಯಲ್ಲಿಯೇ ಕುರ್ಚಿಯ ಮೇಲೆ ಕುಳಿತವನು ನಾನು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗನಾದ್ದರಿಂದ, ಪ್ರತಿಯೊಂದು ಮಾತನ್ನೂ ಆಡುವ ಮುನ್ನ ಮನಸ್ಸಿನಲ್ಲಿ ಒಮ್ಮೆ ತಿದ್ದಿಕೊಳ್ಳುವ ಅಭ್ಯಾಸ ನನಗಿತ್ತು. ತಪ್ಪಾಡಿದರೆ ಎಲ್ಲರೂ ಕುರ್ಚಿಯತ್ತ ನೋಡುತ್ತಾರೆ ಎಂಬ ಭಯ.

ನನ್ನ ಹೆಸರು ಬಿ. ಸತೀಶ. ಅಪ್ಪನ ಹೆಸರು ಸಿದ್ದಯ್ಯ, ಅಜ್ಜನ ಹೆಸರು ದೂಮಯ್ಯ. ಎಸ್ಟೇಟಿನ ಹೆಸರೂ ‘ಬಿ’ ಅಕ್ಷರದಿಂದ ಆರಂಭವಾಗುವುದಿಲ್ಲ. ಶಾಲೆಗೆ ಸೇರಿಸುವಾಗ ಎಸ್ಟೇಟಿನ ಚೀಟಿಯಲ್ಲಿ ಇದ್ದುದನ್ನು ಮೇಷ್ಟ್ರು ಹಾಗೆಯೇ ಬರೆದುಕೊಂಡಿದ್ದರು. ಕಾಲೇಜಿನಲ್ಲಿ ಗೆಳೆಯರು ‘ಬಿ’ ಎಂದರೇನೆಂದು ಕೇಳಿದಾಗ ನಾನು ಹತ್ತಿರದ ಊರಾದ ಬಾಳೆಹೊಳೆಯ ಹೆಸರು ಹೇಳಿ ಪಾರಾಗಿದ್ದೆ. ನಮಗೂ ಬಾಳೆಹೊಳೆಗೂ ಯಾವ ಸಂಬಂಧವೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಿನಲ್ಲಿ ಕಚೇರಿಯ ಅಟ್ಟವನ್ನು ಚೊಕ್ಕಟ ಮಾಡಿಸುತ್ತಿದ್ದಾಗ ಹಳೆಯ ಚೆಕ್‌ರೋಲ್ ಒಂದು ಸಿಕ್ಕಿತು. ಚೆಕ್‌ರೋಲ್ ಎಂದರೆ ಆಳುಗಳ ದಿನದ ಹಾಜರಿ ಪುಸ್ತಕ. ಇಂಗ್ಲಿಷ್ ದೊರೆಗಳ ಕಾಲದ್ದು. ಅದರ ಒಂದು ಪುಟದಲ್ಲಿ ‘ಬೊರ್ದೆವಾಲೆ ದೂಮಯ್ಯ’ ಎಂದು ಬರೆದಿತ್ತು. ಅದೇ ಪುಟದ ಇಪ್ಪತ್ತಾರು ಹೆಸರುಗಳ ಮುಂದೆಯೂ ಅದೇ ಬೊರ್ದೆವಾಲೆ. ಬೇರೆ ಪುಟಗಳಲ್ಲಿ ಹೆಸರಿನ ಮುಂದೆ ಇದ್ದವೆಲ್ಲ ಹೊನ್ನಪ್ಪ, ತಿಮ್ಮಯ್ಯ ಎಂಬಂತಹ ನಮ್ಮವರ ಹೆಸರುಗಳು. ಅವು ತಂದೆಯರ ಹೆಸರುಗಳೆಂದು ನಾನು ಭಾವಿಸಿದೆ. ಹಾಗಾದರೆ ನಮ್ಮ ಪುಟದಲ್ಲಿ ಈ ಬಿಳಿಯರ ಹೆಸರು ಏಕಿದೆ? ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ. ಪುಸ್ತಕವನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದೆ. ಅಂದಿನಿಂದ ಅಟ್ಟದ ಏಣಿಯತ್ತ ನೋಡುವುದನ್ನೇ ಬಿಟ್ಟೆ.

ಹೀಗಿರುವಾಗ ಆ ಜನವರಿಯ ಒಂದು ಮಧ್ಯಾಹ್ನ ಕಚೇರಿಯ ಮುಂದೆ ಜೀಪು ನಿಂತಿತು. ತೋಟದ ಯಜಮಾನರಾದ ಗೌಡರು ನನ್ನನ್ನು ಕೂಗಿ ಕರೆದರು. ಅವರ ಪಕ್ಕದಲ್ಲಿ ಅರವತ್ತು ದಾಟಿದ ವಿದೇಶಿ ಮಹಿಳೆಯೊಬ್ಬರು ನಿಂತಿದ್ದರು.

“ಇವ್ರು ಇಟಲಿಯವ್ರಂತೆ. ಎರಡು ದಿನ ನಮ್ಮ ಮನೇಲೇ ಇರ್ತಾರೆ. ಅವ್ರ ದೊಡ್ಡಪ್ಪನ ವಿಷ್ಯ ಎಂತದೋ ಬೇಕಂತೆ. ನೀನು ಬಿ.ಎ. ಮಾಡಿದವ, ಕೂತು ಕೇಳು ಮಾರಾಯ,” ಎಂದು ಹೇಳಿ ಗೌಡರು ಕಣದ ಕಡೆಗೆ ಹೊರಟುಹೋದರು.

ನನ್ನ ಇಂಗ್ಲಿಷ್ ಅರ್ಜಿ ಬರೆಯುವ ಇಂಗ್ಲಿಷ್. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬರ್ಥದ ವಾಕ್ಯದಿಂದಲೇ ನಾನು ಮಾತು ಆರಂಭಿಸಿದೆ. ಆಕೆ ನಕ್ಕು, ತಮ್ಮ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದೇ, ನಿಧಾನವಾಗಿ ಮಾತನಾಡೋಣ ಎಂದರು. ಅವರ ಹೆಸರು ಲೂಚಿಯ ಬೊರ್ದೆವಾಲೆ.

ನನ್ನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು.

ಅವರು ನಿವೃತ್ತ ಶಾಲಾ ಶಿಕ್ಷಕಿ. ದಪ್ಪ ನೋಟ್‌ಬುಕ್ಕೊಂದನ್ನು ಬಿಡಿಸಿ ತಮ್ಮ ಮನೆತನದ ಹೆಸರಿನ ಕಥೆಯನ್ನು ಹೇಳಿದರು. ಇಟಲಿಯ ಉತ್ತರದ ಬೆಟ್ಟಗಳಲ್ಲಿ, ಕಣಿವೆಯ ಅಂಚಿನಲ್ಲಿದ್ದ ಒಂದು ಪುಟ್ಟ ಕೇರಿಯ ಹೆಸರೇ ಬೊರ್ದೆವಾಲೆ. ಅಲ್ಲಿನವರೆಲ್ಲ ಕಲ್ಲುಕೆಲಸದವರು. ಹಿಮ ಕರಗಿದೊಡನೆ ಗಂಡಸರು ದೇಶಾಂತರ ಹೋಗಿ ಗೋಡೆ ಕಟ್ಟಿ, ಚಳಿಗಾಲಕ್ಕೆ ಮರಳುತ್ತಿದ್ದರು. ಎಷ್ಟೋ ಜನ ಮರಳಲಿಲ್ಲ. ಕೆಲವರು ಫ್ರಾನ್ಸಿನಲ್ಲಿ, ಕೆಲವರು ಅರ್ಜೆಂಟೀನಾದಲ್ಲಿ ನೆಲೆಸಿದರು. ಈಗ ಆ ಕೇರಿ ಖಾಲಿ. ಇಟಲಿಯ ಟೆಲಿಫೋನ್ ಡೈರೆಕ್ಟರಿಗಳನ್ನೆಲ್ಲ ಹುಡುಕಿದರೂ ಆ ಹೆಸರಿನ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದು. ಇರುವವರೂ ಮುದುಕರು. ಪ್ರತಿ ಮನೆಯನ್ನೂ ಆಕೆ ಗೆರೆ ಎಳೆದು, ಕೊಂಬೆಗಳಿರುವ ಮರದಂತೆ ಬರೆದಿಟ್ಟಿದ್ದರು.

ಅವರ ದೊಡ್ಡಪ್ಪ ಎರಡನೆಯ ಮಹಾಯುದ್ಧದಲ್ಲಿ ಸೆರೆ ಸಿಕ್ಕು ಬೆಂಗಳೂರಿನ ಕ್ಯಾಂಪಿಗೆ ಬಂದವರು. ಬಿಡುಗಡೆಯಾದ ಮೇಲೂ ಊರಿಗೆ ಹೋಗದೆ, ಕಲ್ಲುಕೆಲಸ ಬಲ್ಲವರೆಂದು ಈ ಎಸ್ಟೇಟಿಗೆ ಬಂದು ಕೆಲವು ವರ್ಷ ಇದ್ದರಂತೆ. ಕೊನೆಗೆ ಕಾಯಿಲೆ ಬಿದ್ದು ಊರಿಗೆ ಹೊರಟವರು ಹಡಗು ಹತ್ತುವ ಮೊದಲೇ ಬೊಂಬಾಯಿಯಲ್ಲಿ ತೀರಿಕೊಂಡರು. ಆಕೆ ಒಂದು ಹಳೆಯ ಪತ್ರವನ್ನು ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಅರ್ಥ ಹೇಳಿದರು: ‘ಚಿಂತಿಸಬೇಡಿ. ಇಲ್ಲಿ ನಮ್ಮ ಹೆಸರಿನವರು ಇಪ್ಪತ್ತಾರು ಜನರಿದ್ದಾರೆ.’

“ಅವರಿಗೆ ಇಲ್ಲಿ ಸಂಸಾರವಿತ್ತೇ? ಮಕ್ಕಳಿದ್ದಾರೆಯೇ? ಹಳೆಯ ಪುಸ್ತಕ ಏನಾದರೂ ಇದೆಯೇ?” ಎಂದು ಕೇಳಿದರು.

ನನ್ನ ಅಪ್ಪ ಹುಟ್ಟಿದ್ದು ಅದೇ ವರ್ಷಗಳಲ್ಲಿ. ಅಷ್ಟೇ ಅಲ್ಲ. ನನ್ನ ತಂಗಿ ಗೀತಾಳಿಗೆ ಆಗತಾನೇ ಗೋಣಿಬೀಡಿನ ಕಡೆಯಿಂದ ಒಂದು ಸಂಬಂಧ ಕೂಡಿಬಂದಿತ್ತು. ಮಾತು ತಂದವರು ನಮ್ಮ ಎಸ್ಟೇಟಿನ ಮೇಸ್ತ್ರಿ ಹೂವಪ್ಪ. ಹುಡುಗ ಅವರ ಅಕ್ಕನ ಮಗ. ಆ ಹೂವಪ್ಪ ಕೊಯ್ಲಿನ ಲೆಕ್ಕ ಒಪ್ಪಿಸುವ ನೆಪದಲ್ಲಿ ಬಾಗಿಲಲ್ಲಿಯೇ ನಿಂತಿದ್ದರು. ಅಜ್ಜನ ಹೆಸರಿನ ಮುಂದೆ ಬಿಳಿಯನ ಹೆಸರಿದೆ ಎಂದು ಅವರಿಗೆ ತಿಳಿದರೆ ನನ್ನ ಅಜ್ಜಿಯ ಬಗ್ಗೆ ಏನು ಮಾತು ಹುಟ್ಟಬಹುದು? ಆ ಮದುವೆಯ ಗತಿ ಏನಾಗಬಹುದು?

“ಹಳೆಯ ಪುಸ್ತಕಗಳನ್ನೆಲ್ಲ ಗೆದ್ದಲು ತಿಂದಿದೆ,” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದೂ ತಪ್ಪಿಲ್ಲದ ವಾಕ್ಯ. ಆಕೆ ತಲೆಯಾಡಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಪುಸ್ತಕವಿಲ್ಲವಾದರೆ ಮನುಷ್ಯರನ್ನೇ ನೋಡುತ್ತೇನೆ ಎಂದು ಆಕೆ ಮಾರನೆಯ ದಿನ ಬೆಳಿಗ್ಗೆ ಲೈನ್ ಮನೆಗಳ ಕಡೆಗೆ ಹೊರಟರು. ನಾನು ದುಭಾಷಿ. ಕೈಯಲ್ಲಿ ದೊಡ್ಡಪ್ಪನ ಫೋಟೋ ಹಿಡಿದು, ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಮುಖವನ್ನು ದಿಟ್ಟಿಸಿ ನೋಡುತ್ತಿದ್ದರು. ಕೆಲವೊಮ್ಮೆ ಮಂಡಿಯೂರಿ ಕುಳಿತು, ಮಗುವಿನ ಗಲ್ಲವನ್ನು ಮೆಲ್ಲಗೆ ಎತ್ತಿ ನೋಡುವರು. ಆ ನೋಟದಲ್ಲಿದ್ದ ಆಸೆಯನ್ನು ಕಂಡು ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆಕೆ ಮುಂದಿನ ಮನೆಗೆ ಹೋಗುವಷ್ಟರಲ್ಲಿ ಹಿಂದಿನ ಮನೆಯ ಬಾಗಿಲಲ್ಲಿ ಗುಸುಗುಸು ಆರಂಭವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೂವಪ್ಪ ಎಲೆಯಡಿಕೆ ಜಗಿಯುತ್ತಾ ಬಂದರು.

“ಎಂತ ರೈಟ್ರೇ, ಯಮ್ಮ ನಮ್ಮ ಮಕ್ಕಳ ಮೂಗು ಅಳೀತಾ ಉಂಟಲ್ಲ. ಆ ದೊರೆ ಯಾರ ಮನೇಲಿ ಬೀಜ ಹಾಕಿ ಹೋದ್ನಂತೆ?”

“ಹಾಗೇನಿಲ್ಲ ಹೂವಪ್ಪಣ್ಣ. ಅವ್ರು ಸುಮ್ನೆ ನೋಡ್ತಿದಾರೆ.”

“ಸುಮ್ನೆ ನೋಡ್ಲಿಕ್ಕೆ ಯಾರಾದ್ರೂ ಇಟಲಿಯಿಂದ ಬರ್ತಾರನಾ? ಅಲ್ಲ, ನಾವೂ ಹೆಣ್ಣು ತರೋರು. ವಿಚಾರಿಸ್ಬೇಕಲ್ಲ,” ಎಂದು ನಗುತ್ತಲೇ ಹೇಳಿದರು. ನಗುತ್ತಾ ಹೇಳಿದ್ದರಿಂದಲೇ ನನಗೆ ಹೆಚ್ಚು ಭಯವಾಯಿತು. ಅಂದು ನಾನು ಊಟ ಮಾಡಲಿಲ್ಲ.

ಸಂಜೆ ಕಣದಲ್ಲಿ ಅಪ್ಪ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜವನ್ನು, ಎಂದರೆ ಪಾರ್ಚ್‌ಮೆಂಟನ್ನು, ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ಇನ್ನೊಂದು ತುದಿಯನ್ನು ಹಿಡಿದು ನಾನು ಕೇಳಿಯೇಬಿಟ್ಟೆ.

“ಅಪ್ಪಾ, ನಮ್ಮ ‘ಬಿ’ ಎಲ್ಲಿಂದ ಬಂತು?”

“ಇಟಲಿ ಮೇಸ್ತ್ರಿದು,” ಎಂದರು ಅಪ್ಪ, ಟಾರ್ಪಾಲಿನ ಮೇಲೆ ಕಲ್ಲಿಡುತ್ತಾ.

ನಾನು ಐದು ತಿಂಗಳು ಎದೆಯಲ್ಲಿ ಹೊತ್ತು ತಿರುಗಿದ್ದ ವಿಷಯವನ್ನು ಅವರು ಅಷ್ಟು ಸುಲಭವಾಗಿ ಹೇಳಿಬಿಟ್ಟರು. “ಅಜ್ಜನ ಹೆಸರಿನ ಮುಂದೆ ಅವರ ಹೆಸರು ಯಾಕೆ?” ಎಂದೆ.

“ಮತ್ತೆ ಯಾರದ್ದು ಬರೀಬೇಕು? ಆಗೆಲ್ಲ ಯಾವ ಮೇಸ್ತ್ರಿ ಗ್ಯಾಂಗಿನ ಆಳೋ, ಆ ಮೇಸ್ತ್ರಿ ಹೆಸ್ರನ್ನೇ ಮುಂದೆ ಬರೀತಿದ್ರು. ನಿಮ್ಮಜ್ಜ ಇಟಲಿ ಮೇಸ್ತ್ರಿ ಜತೆ ಕಲ್ಲು ಕಟ್ಟಿದವ್ರು. ಪಲ್ಪರ್ ಮನೆ ಗೋಡೆ ಅವ್ರ ಗ್ಯಾಂಗಿಂದೇ. ಈಗ ಆಳಿಗೊಂದು ನಂಬರ್ ಆಗಿದೆ, ನಿಂಗೆ ಗೊತ್ತಿಲ್ಲ.” ಆಮೇಲೆ ನನ್ನ ಮುಖವನ್ನು ನೋಡಿದರು. “ನೀನೆಂತ ತಿಳ್ಕೊಂಡಿದ್ದೆ?”

ನಾನು ತಲೆ ತಗ್ಗಿಸಿದೆ. ಅಪ್ಪನಿಗೆ ಅರ್ಥವಾಯಿತು.

“ಹದಿನೈದು ವರ್ಷ ಓದ್ಸಿದ್ದು ನನ್ನಮ್ಮನ ಮೇಲೆ ಇದನ್ನ ಯೋಚ್ನೆ ಮಾಡ್ಲಿಕ್ಕಾ?”

ಆ ಒಂದು ಮಾತನ್ನು ಇಂದಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಆಮೇಲೆ ಅವರೇ ಸಮಾಧಾನ ಮಾಡಿಕೊಂಡು ಹೇಳಿದರು. ಮಳೆ ಬಂದು ಕಲ್ಲುಕೆಲಸ ನಿಂತರೆ ಬೇರೆ ಮೇಸ್ತ್ರಿಗಳು ಆಳಿಗೆ ಅರ್ಧ ಹಾಜರಿ ಹಾಕುತ್ತಿದ್ದರಂತೆ. ಇಟಲಿ ಮೇಸ್ತ್ರಿ ಮಾತ್ರ ಪೂರ್ತಿ ಹಾಜರಿ ಹಾಕಿಸುತ್ತಿದ್ದರು. ಮಳೆ ತಂದವರು ಆಳುಗಳಲ್ಲವಲ್ಲ ಎಂದು ದೊರೆಯ ಮುಂದೆ ಜಗಳಕ್ಕೇ ನಿಲ್ಲುತ್ತಿದ್ದರಂತೆ. “ಅವ್ರು ಹೋದ ಮೇಲೆ ಹೊಸ ರೈಟ್ರು ಬೇರೆ ಮೇಸ್ತ್ರಿ ಹೆಸ್ರು ಬರೀತೇನೆ ಅಂದ್ರಂತೆ. ನಿಮ್ಮಜ್ಜ ಬೇಡ ಅಂದ್ರು. ಗ್ಯಾಂಗಿನ ಅಷ್ಟೂ ಜನ ಬೇಡ ಅಂದ್ರು. ಹಂಗೇ ಉಳೀತು.”

“ಆ ಯಮ್ಮ ಅವ್ರ ತಮ್ಮನ ಮಗಳು, ಅಪ್ಪಾ.”

“ಹೌದಾ? ಮತ್ತೆ ಅವ್ರಿಗೆ ಹೇಳಿದ್ಯಾ?”

“ಇಲ್ಲ. ಗೀತಾಳ ಸಂಬಂಧ...”

“ನೀನು ಹೇಳ್ದೆ ಇದ್ದದ್ದಕ್ಕೇ ಲೈನಲ್ಲಿ ಈ ಮಾತೆಲ್ಲ ಎದ್ದದ್ದು, ಮಾರಾಯ.”

ಮಾರನೆಯ ದಿನ ಬೆಳಿಗ್ಗೆ ಆಕೆ ಹೊರಡುವವರಿದ್ದರು. ಆರು ಗಂಟೆಗೇ ನಾನು ಗೌಡರ ಮನೆಯ ಮುಂದೆ ನಿಂತು, ಪುಸ್ತಕ ಇರುವುದನ್ನೂ ನಾನು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದೆ. ಗೌಡರು ಕಾಫಿ ಲೋಟವನ್ನು ಕೆಳಗಿಟ್ಟರು.

“ಸುಳ್ಳು ಹೇಳ್ಲಿಕ್ಕೆ ಬಿ.ಎ. ಬೇಕಿತ್ತನಾ? ಹೋಗು, ಮಸ್ಟರಿಗೆ ಅವ್ರನ್ನೂ ಕರ್ಕೊಂಡು ಬರ್ತೇನೆ. ಎಲ್ಲರ ಮುಂದೆ ಓದು.”

ಮಸ್ಟರ್ ಎಂದರೆ ಕೆಲಸಕ್ಕೆ ಮುನ್ನ ಕಚೇರಿಯ ಅಂಗಳದಲ್ಲಿ ಹೆಸರು ಕರೆಯುವುದು. ಮಂಜು ಇನ್ನೂ ಕರಗಿರಲಿಲ್ಲ. ಹೆಂಗಸರು ತಲೆಗೆ ಟವೆಲ್ ಸುತ್ತಿ, ಬುಟ್ಟಿ ಹಿಡಿದು ನಿಂತಿದ್ದರು. ಲೂಚಿಯ ಅವರನ್ನು ಗೌಡರು ಕುರ್ಚಿಯಲ್ಲಿ ಕೂರಿಸಿದ್ದರು. ನಾನು ಹಳೆಯ ಚೆಕ್‌ರೋಲನ್ನು ಬಿಡಿಸಿ, ಅಪ್ಪ ಹೇಳಿದ್ದನ್ನು ಮೊದಲು ಕನ್ನಡದಲ್ಲಿ, ನಂತರ ಇಂಗ್ಲಿಷಿನಲ್ಲಿ ಹೇಳಿದೆ. ವಾಕ್ಯಗಳನ್ನು ತಿದ್ದಿಕೊಳ್ಳಲು ಅಂದು ವ್ಯವಧಾನವಿರಲಿಲ್ಲ. ಆಮೇಲೆ ಓದಲು ಆರಂಭಿಸಿದೆ.

“ಬೊರ್ದೆವಾಲೆ ಮುದ್ದ.”

ಹಿಂದಿನ ಸಾಲಿನಿಂದ ಹೆಂಗಸೊಬ್ಬಳ ದನಿ ಬಂತು: “ಅದು ನಮ್ಮಜ್ಜ.”

“ಬೊರ್ದೆವಾಲೆ ಬೈರ.”

“ನನ್ ಮಾವ ಅವ್ರು.”

ಒಂದೊಂದು ಹೆಸರಿಗೂ ಒಬ್ಬೊಬ್ಬರು ಮುಂದೆ ಬಂದರು. ಕೆಲವು ಹೆಸರುಗಳಿಗೆ ಯಾರೂ ಇರಲಿಲ್ಲ. ಅವರ ಮನೆಯವರು ಬೇರೆ ತೋಟಗಳಿಗೆ ಹೋಗಿದ್ದರು. ಲೂಚಿಯ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು.

“ಬೊರ್ದೆವಾಲೆ ಕರಿಯಣ್ಣ.”

ನಾನು ಎರಡನೆಯ ಬಾರಿ ಓದಿದೆ. ಹೂವಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿ ಬಂದರು.

“ನಮ್ಮಪ್ಪನ ಹೆಸ್ರು ಅದು. ಅದ್ರಲ್ಲಿ ಉಂಟಾ?”

“ಉಂಟು ಹೂವಪ್ಪಣ್ಣ.”

“ಮೇಸ್ತ್ರೇ, ಇನ್ನು ನಿಮ್ಮ ಮೂಗೂ ಅಳೀಲಿಕ್ಕುಂಟು,” ಎಂದು ಹೆಂಗಸರ ಸಾಲಿನಿಂದ ಯಾರೋ ಹೇಳಿದರು. ಇಡೀ ಅಂಗಳ ನಕ್ಕಿತು. ಹೂವಪ್ಪನೂ ಮೂಗನ್ನು ಉಜ್ಜಿಕೊಂಡು ನಕ್ಕುಬಿಟ್ಟರು. ಕೊನೆಯ ಹೆಸರು ದೂಮಯ್ಯ. ಅಪ್ಪ ಮುಂದೆ ಬರುವರೆಂದು ಕಾದೆ. ಅವರು ನಿಂತಲ್ಲಿಂದಲೇ ನನ್ನತ್ತ ನೋಡುತ್ತಿದ್ದರು. “ನನ್ನ ಅಜ್ಜ,” ಎಂದು ನಾನೇ ಹೇಳಿದೆ.

ಹೊರಡುವ ಮುನ್ನ ಅಪ್ಪ ಆಕೆಯನ್ನು ಪಲ್ಪರ್ ಮನೆಯ ಹಿಂದಿನ ಗೋಡೆಯ ಬಳಿಗೆ ಕರೆದೊಯ್ದರು. ಗಾರೆಯಿಲ್ಲದೆ ಬರಿಯ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗೋಡೆ. ಆಕೆ ಅದರ ಮೇಲೆ ಅಂಗೈ ಇಟ್ಟು ನಿಂತರು.

“ಹಾಗಾದರೆ ಅವರ ಮಕ್ಕಳು ಯಾರೂ ಇಲ್ಲ,” ಎಂದರು.

“ಇಲ್ಲ. ಕ್ಷಮಿಸಬೇಕು, ನಾನು ಮೊದಲ ದಿನವೇ ಹೇಳಬೇಕಿತ್ತು.”

ಆಕೆಯ ಕಣ್ಣು ತುಂಬಿತ್ತು. ಅವರು ಹೇಳಿದ್ದು ಇದು: ಅವರ ಕೇರಿಯಲ್ಲಿಯೂ ಆ ಹೆಸರಿನವರೆಲ್ಲ ಒಂದೇ ರಕ್ತದವರಲ್ಲ. ಎಲ್ಲಿಂದಲೋ ಕಲ್ಲುಕೆಲಸಕ್ಕೆ ಬಂದು ಸೇರಿಕೊಂಡವರಿಗೂ ಚರ್ಚಿನ ಪುಸ್ತಕದಲ್ಲಿ ಕೇರಿಯ ಹೆಸರನ್ನೇ ಬರೆದರು. “ನಾವೂ ಹೀಗೆಯೇ ಆದವರು,” ಎಂದು ಹೇಳಿ ಅಪ್ಪನ ಕೈ ಹಿಡಿದುಕೊಂಡರು. ಅಪ್ಪನಿಗೆ ಇಂಗ್ಲಿಷ್ ಬಾರದು. ನಾನು ಅನುವಾದಿಸುವ ಮೊದಲೇ ಅವರು ತಲೆಯಾಡಿಸಿದರು.

ಗೀತಾಳ ಮದುವೆ ಅದೇ ಏಪ್ರಿಲಿನಲ್ಲಿ ನಡೆಯಿತು.

ಎರಡು ವರ್ಷಗಳ ನಂತರ ಇಟಲಿಯಿಂದ ಒಂದು ದಪ್ಪ ಲಕೋಟೆ ಬಂತು. ಆಕೆಯ ನೋಟ್‌ಬುಕ್ಕಿನ ಕೆಲವು ಪುಟಗಳ ಜೆರಾಕ್ಸ್. ಮರದ ಒಂದು ಕೊಂಬೆಯ ಪಕ್ಕದಲ್ಲಿ, ಗೆರೆ ಎಳೆಯದೆ, ಇಪ್ಪತ್ತಾರು ಹೆಸರುಗಳನ್ನು ಬರೆದಿದ್ದರು. ಪ್ರತಿ ಹೆಸರಿನ ಕೆಳಗೂ ಮಕ್ಕಳು ಮೊಮ್ಮಕ್ಕಳಿಗಾಗಿ ಜಾಗ ಬಿಟ್ಟಿದ್ದರು. ದೂಮಯ್ಯನ ಕೆಳಗೆ ಸಿದ್ದಯ್ಯ, ಅದರ ಕೆಳಗೆ ಸತೀಶ ಮತ್ತು ಗೀತಾ. ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಆ ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು.

ಅವರಿಗೆ ಓದಿ ಹೇಳದ ಪುಟ ಇನ್ನೊಂದಿತ್ತು. ಅದು ಆಕೆ ಬಂದ ಮೊದಲ ದಿನದ ಪುಟ. ಸುತ್ತಲೂ ಇಟಾಲಿಯನ್ ಭಾಷೆ, ನಡುವೆ ನಾನು ಹೇಳಿದ ವಾಕ್ಯ ಮಾತ್ರ ಇಂಗ್ಲಿಷಿನಲ್ಲಿ: ಹಳೆಯ ಪುಸ್ತಕಗಳನ್ನೆಲ್ಲ ಗೆದ್ದಲು ತಿಂದಿದೆ. ಮುಂದೆ ನನ್ನ ಹೆಸರು. ಆಕೆ ಅದರ ಮೇಲೆ ಒಂದು ಗೆರೆಯನ್ನು ಎಳೆದಿದ್ದರು. ಶಿಕ್ಷಕಿಯಲ್ಲವೇ, ಹೊಡೆದು ಹಾಕಿದ ಮೇಲೂ ಏನು ಬರೆದಿತ್ತೆಂದು ಓದಲು ಬರುವಂತೆ, ತೆಳುವಾಗಿ.

ಈಗ ಯಾರಾದರೂ ನನ್ನ ಇನಿಷಿಯಲ್ ಏನೆಂದು ಕೇಳಿದರೆ ನಾನು ಬಾಳೆಹೊಳೆ ಎನ್ನುವುದಿಲ್ಲ. ಪೂರ್ತಿ ಕಥೆಯನ್ನೇ ಹೇಳುತ್ತೇನೆ. ಗೆದ್ದಲಿನ ವಾಕ್ಯವನ್ನೂ ಬಿಡದೆ ಹೇಳುತ್ತೇನೆ. ಆದರೂ ಆ ಮಾತಿಗೆ ಬಂದಾಗಲೆಲ್ಲ, ಮಂಡಿಯೂರಿ ಕುಳಿತು ಮಗುವೊಂದರ ಗಲ್ಲ ಎತ್ತಿ ನೋಡುತ್ತಿದ್ದ ಆ ಮುಖ ಕಣ್ಣ ಮುಂದೆ ಬಂದು, ಮುಂದಿನ ಮಾತನ್ನು ಹೇಳಲು ಒಂದು ಕ್ಷಣ ತಡವಾಗುತ್ತದೆ.