ಎಡಗೆನ್ನೆಯ ಉಬ್ಬು

ಹೋದ ಸೋಮವಾರ ಬೆಳಗ್ಗೆ ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದರು. ಆ ಬಿಸಿ ಪ್ಲಾಸ್ಟಿಕ್ಕಿನ ವಾಸನೆಗೆ ಸ್ಟುಡಿಯೋ ಅಕ್ಕ ನೆನಪಾದರು...

ಅವರ ಫೋಟೋ ಸ್ಟುಡಿಯೋ ಇದೇ ಬೀದಿಯಲ್ಲಿತ್ತು. ಎದುರಿನ ಗೊಬ್ಬರದ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮಧ್ಯಾಹ್ನ ಬಿಡುವಾದಾಗ ಅವರ ಬಳಿ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೆ. ಪಾಸ್‌ಪೋರ್ಟ್ ಫೋಟೋಗಳನ್ನು ಅಳತೆಗೆ ತಂದು ಹಾಳೆಯಲ್ಲಿ ಜೋಡಿಸಲು ಅವರೇ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದರು. ಅದರಿಂದ ಉಳಿದ ಹೊತ್ತೆಲ್ಲ ಚಿತ್ರಕ್ಕೆ.

"ಗೊಬ್ಬರ ಮಾರೋನ್ಗೆ ಇದೆಲ್ಲ ಯಾಕಕ್ಕ?" ಎಂದು ಕೇಳಿದ್ದೆ.

"ಯಾಕ್ಲಾ, ಗೊಬ್ಬರ ಮಾರೋನ್ಗೆ ಕಣ್ಣಿಲ್ವಾ?" ಎಂದು ನಕ್ಕಿದ್ದರು.

ಅಂಥ ಒಂದು ಮಧ್ಯಾಹ್ನ ಗೋವಿಂದನಹಳ್ಳಿಯ ಪುಟ್ಟಲಕ್ಷ್ಮಿ ಬಂದಳು. ತಾಯಿ ತೀರಿಕೊಂಡಿದ್ದರು, ಮಾರನೆಯ ದಿನ ತಿಥಿ. ಹಾರ ಹಾಕಲು ಫೋಟೋ ಬೇಕಿತ್ತು. ಓಟಿನ ಕಾರ್ಡಿನಲ್ಲಿ ಮುಖವೇ ಗುರುತಾಗದಷ್ಟು ಮಸುಕು. ಇನ್ನಿದ್ದದ್ದು ಮದುವೆಯೊಂದರ ಗುಂಪು ಚಿತ್ರ. ಅದರಲ್ಲಿ ತಾಯಿಯ ಮುಖದ ಎಡಭಾಗ ಮದುಮಗನ ಪೇಟದ ಹಿಂದೆ ಮರೆಯಾಗಿತ್ತು.

ಅಕ್ಕ ಕಾಣುವ ಅರ್ಧವನ್ನೇ ಮಗುಚಿ ಇನ್ನೊಂದು ಬದಿಗೆ ಕೂಡಿಸಿದರು. ನಮ್ಮ ಕಡೆಯ ಸ್ಟುಡಿಯೋಗಳ ರೂಢಿಯಂತೆ ರೇಷ್ಮೆ ಸೀರೆಯನ್ನೂ ಉಡಿಸಿದರು. ಮುಖ ಗೊಂಬೆಯಷ್ಟು ಒಪ್ಪವಾಗಿ ಬಂತು. ಪುಟ್ಟಲಕ್ಷ್ಮಿ ಬಹಳ ಹೊತ್ತು ನೋಡಿದಳು.

"ಇವ್ಳು ನಮ್ಮವ್ವ ಅಲ್ಲ ಕಣಕ್ಕ. ಯಾರ್ಗೆ ಅಂತ ಹಾರ ಹಾಕ್ಲಿ?"

ನಾನು ಅಕ್ಕನ ಕುರ್ಚಿಯ ಹಿಂದಿದ್ದೆ. ಅವರ ಕಿವಿ ಕೆಂಪಾದದ್ದನ್ನು ಕಂಡೆ. ಮಾಡಿದ್ದನ್ನೆಲ್ಲ ಅಳಿಸಿ, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನಿಮ್ಮವ್ವ ಎಲೆಅಡಿಕೆ ಹಾಕೋರಾ?"

"ಊಂ, ಎಡದವಡೇಲಿ ಇಟ್ಕತಿದ್ಲು. ಬೈಯುವಾಗ್ಲೂ ತಗೀತಿರ್ನಿಲ್ಲ."

"ಯಾರ್ನ ಬೈಯೋರು?"

"ನನ್ನೇಯ. ಇನ್ಯಾರ್ನ?"

ಪುಟ್ಟಲಕ್ಷ್ಮಿ ನಕ್ಕಳು, ನಗುವಾಗಲೇ ಕಣ್ಣು ತುಂಬಿದವು. ಅಕ್ಕ ಡಿಜಿಟಲ್ ಪೆನ್ನು ಹಿಡಿದು ಎಡಗೆನ್ನೆಯಲ್ಲೊಂದು ಉಬ್ಬು ಬರೆದರು, ತುಟಿಯನ್ನು ತುಸು ಅತ್ತ ಎಳೆದರು. ರೇಷ್ಮೆಯ ಬದಲು ಅವಳು ಹೇಳಿದ ಹಸಿರು ನೂಲಿನ ಸೀರೆ ಬರೆದರು. ಕೇಳುವುದು, ಬರೆಯುವುದು, ಅಳಿಸುವುದು... ಸಂಜೆಯ ಹೊತ್ತಿಗೆ ಪುಟ್ಟಲಕ್ಷ್ಮಿ ಪರದೆಯ ಕಡೆ ಬಾಗಿ, ಮೆಲ್ಲಗೆ, "ಅವ್ವಾ" ಎಂದಳು.

ಗೊಬ್ಬರ ಮಾರುವವನಿಗೆ ಇದೆಲ್ಲ ಯಾಕೆ ಎಂದು ಆಮೇಲೆ ನಾನು ಕೇಳಲಿಲ್ಲ. ಅಂಗಡಿ ಕೆಲಸದ ಜೊತೆಗೆ ಇಂದಿಗೂ ಇಂಥ ಮುಖಗಳನ್ನು ಬರೆದುಕೊಡುತ್ತೇನೆ. ಮೊದಲು ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತೇನೆ. ಎಲ್ಲಾದರೂ ತಪ್ಪಿದರೆ ತಿರುಗಿ ಕೇಳಲು ಅಕ್ಕ ಇಲ್ಲ. ಅವರು ತೀರಿಕೊಂಡು ವರ್ಷಗಳಾದವು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಅಂದು ಆ ಮುಖ ಮೂಡಿದ್ದನ್ನು ಕಂಡವರಲ್ಲಿ ನನ್ನ ಹೊರತು ಉಳಿದಿರುವವಳು ಗೋವಿಂದನಹಳ್ಳಿಯ ಪುಟ್ಟಲಕ್ಷ್ಮಿ ಒಬ್ಬಳೇ.