ಕದಿರೇಶಣ್ಣ ಎರಡನೇ ಸಲ ಹತ್ತಿದ ಬೆಟ್ಟ

ಮಾಲೂರಿನ ಕದಿರೇಶಣ್ಣನಿಗೆ ಗುಲಾಬಿಯ ವಿಷಯದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲ. ಯಾವ ಮೊಗ್ಗನ್ನು ನಾಳೆ ಕತ್ತರಿಸಬೇಕು, ಯಾವುದನ್ನು ನಾಡಿದ್ದು ಎಂದು ನೋಡಿದ ಕೂಡಲೇ ಹೇಳುತ್ತಾರೆ; ಹೇಳಿದ ಹಾಗೇ ಆಗುತ್ತದೆ. ಹದಿನಾಲ್ಕು ವರ್ಷ ನಮ್ಮ ಕಡೆಯ ಪಾಲಿಹೌಸ್‌ಗಳಲ್ಲಿ ಕೆಲಸ ಮಾಡಿ, ಎರಡು ವರ್ಷದಿಂದ ಕೀನ್ಯಾ ದೇಶದ ನೈವಾಶಾ ಎಂಬಲ್ಲಿ ಹೂವಿನ ತೋಟದ ಸೂಪರ್‌ವೈಸರ್ ಆಗಿದ್ದಾರೆ. ನನಗೆ ತಿಳಿದಂತೆ ಅವರು ಹೇಳಿದ ಸುಳ್ಳು ಒಂದೇ. ಅದು ಬೆಟ್ಟದ ಬಗ್ಗೆ.

ಹೋದ ಹೊಸದರಲ್ಲಿ ವಿಡಿಯೊ ಕಾಲ್ ಮಾಡಿದಾಗ ವಕ್ಕಲೇರಿಯಲ್ಲಿರುವ ಅವರ ಅತ್ತೆ ಭಾರತಮ್ಮ, "ಹಿಂದೆ ಕಾಣ್ತಿರೋದು ಯಾವ ಬೆಟ್ಟ ಕದಿರೇಶಪ್ಪ?" ಎಂದು ಕೇಳಿದರು.

"ಲಾಂಗೊನಾಟ್ ಅಂತ ಅತ್ತೆ. ಅಗ್ನಿಪರ್ವತ."

"ಅಯ್ಯೋ ದೇವ್ರೇ! ಹತ್ತಿದ್ಯಾ?"

ಕೋಲಾರದ ಅಂತರಗಂಗೆ ಮೆಟ್ಟಿಲಿನಲ್ಲೇ ಮೂರು ಕಡೆ ಕೂತು ಸುಧಾರಿಸಿಕೊಳ್ಳುವವರು ಕದಿರೇಶಣ್ಣ. ಇಲ್ಲ ಎನ್ನಲು ಬಾಯಿ ತೆರೆದರು. ಆಗ ಅತ್ತೆಯ ಪಕ್ಕದಲ್ಲಿ ಭಾಮೈದ ವೇಣುಗೋಪಾಲ್ ನಗುತ್ತಿರುವುದು ಕಾಣಿಸಿತು.

"ಹತ್ತದೆ ಇರ್ತೀನಾ ಅತ್ತೆ?"

"ಬೆಂಕಿ ಇತ್ತಾ?"

"ನಮ್ಮ ಮಾಲೂರು ಇಟ್ಟಿಗೆ ಗೂಡು ಇಲ್ವಾ, ಅಂಥವು ಸಾವಿರ ಸೇರಿದಂಗೆ. ಕೆಂಪಗೆ."

ಭಾರತಮ್ಮ ಇದನ್ನು ವಕ್ಕಲೇರಿಗೆಲ್ಲ ಹೇಳಿದರು. ಶ್ರೀನಿವಾಸಪುರದ ನೆಂಟರಿಗೆ ಹೇಳುವ ಹೊತ್ತಿಗೆ ಅಳಿಯನ ಮೀಸೆಯೂ ಸ್ವಲ್ಪ ಸುಟ್ಟಿತ್ತು.

ಈ ವರ್ಷ ವೇಣುಗೋಪಾಲಣ್ಣನ ಮಗಳ ನಾಮಕರಣ ಬಂತು. ಅವರು ಹಾಲಿನ ಡೇರಿಯ ಕಾರ್ಯದರ್ಶಿ. ಎರಡು ಹೊತ್ತೂ ಹಾಲಿಗೆ ನೀರು ಬೆರೆಸಿದ್ದಾರಾ ಎಂದು ನೋಡಿ ನೋಡಿ, ಪರೀಕ್ಷೆ ಮಾಡದೆ ಯಾವುದನ್ನೂ ನಂಬುವುದಿಲ್ಲ. ಫೋನ್ ಮಾಡಿ ಹೇಳಿದರು:

"ಭಾವ, ಭಾನುವಾರ ನೆಂಟ್ರೆಲ್ಲ ಸೇರ್ತಾರೆ. ಆ ಬೆಟ್ಟದ ಮೇಲಿಂದ ಒಂದು ಕಾಲ್ ಮಾಡಿ ಬೆಂಕಿ ತೋರ್ಸಿ. ಅಮ್ಮ ಎಲ್ರಿಗೂ ಹೇಳ್ಬಿಟ್ಟವ್ಳೆ."

"ಕೆಲ್ಸ ಐತಲ್ಲೋ ವೇಣು."

"ಭಾನುವಾರ ರಜಾ ಅಂತ ಅನಿತ ಹೇಳಿದ್ಲು."

ಅನಿತ ಕದಿರೇಶಣ್ಣನ ಹೆಂಡತಿ. ಕದಿರೇಶಣ್ಣ ಒಪ್ಪಿಕೊಂಡರು. ತಾವು ಸುಳ್ಳುಗಾರ ಎನ್ನಿಸಿಕೊಂಡರೂ ಚಿಂತೆಯಿರಲಿಲ್ಲ. ನೆಂಟರ ಮುಂದೆ ಅತ್ತೆ ತಲೆ ತಗ್ಗಿಸಬೇಕಾಗುತ್ತದಲ್ಲ ಎಂದು ಅವರಿಗೆ ನಿದ್ದೆ ಬರಲಿಲ್ಲವಂತೆ. ಬೆಟ್ಟದ ಕಡೆಯದನ್ನು ನಾನು ಅವರನ್ನೇ ಕೇಳಿ ಬರೆದಿದ್ದೇನೆ. ವಕ್ಕಲೇರಿಯದ್ದು ಕಣ್ಣಾರೆ ನೋಡಿದ್ದು.

ಭಾನುವಾರ ತೋಟದ ಡ್ರೈವರ್ ಕಮಾವು ಅವರನ್ನು ಆ ಬೆಟ್ಟವಿರುವ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗಿ ಜೊತೆಗೇ ಹತ್ತಿದರು. ಮೊದಲ ಅರ್ಧ ಗಂಟೆ ಕದಿರೇಶಣ್ಣ ಜಿರಾಫೆ ನೋಡುವ ನೆಪದಲ್ಲಿ ನಿಂತು ನಿಂತು ನಡೆದರು. ಮೇಲೆ ಹೋದಂತೆ ಜಿರಾಫೆಗಳು ಮುಗಿದವು. ಆಮೇಲೆ ಬೂಟಿನೊಳಗಿನ ದೂಳು ಕೊಡವುವ ನೆಪ ಮಾಡಿದರು. ಶಾಲೆಯ ಮಕ್ಕಳ ಒಂದು ಸಾಲು ಹಾಡು ಹೇಳುತ್ತಾ ಅವರನ್ನು ದಾಟಿ ಹೋಯಿತು.

"ಪೋಲೆ ಪೋಲೆ" ಎಂದರು ಕಮಾವು. ನಿಧಾನವಾಗಿ ಎಂದು ಅರ್ಥ. ಕದಿರೇಶಣ್ಣನಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ.

ಕೊನೆಗೆ ಅಂಚು ತಲುಪಿ, ಬೆಂಕಿಗಾಗಿ ಬಗ್ಗಿ ನೋಡಿದರು. ಹತ್ತಾರು ಕೆರೆ ಹಿಡಿಸುವಷ್ಟು ದೊಡ್ಡ ಗುಂಡಿ. ತಳದ ತುಂಬಾ ಹಸಿರು ಮರ.

"ಬೆಂಕಿ ಎಲ್ಲಿ?" ಎಂದು ತಮಗೆ ಬರುವ ಇಂಗ್ಲಿಷಿನಲ್ಲಿ ಕೇಳಿದರು.

"ಮಲಗಿದೆ. ನಮ್ಮ ತಾತನ ತಾತನ ಕಾಲದಿಂದ."

"ಯಾವಾಗ ಏಳುತ್ತೆ?"

"ಏಳದೆ ಇದ್ದರೇ ಒಳ್ಳೇದು" ಎಂದರು ಕಮಾವು. ಕದಿರೇಶಣ್ಣನಿಗೆ ಆ ಹೊತ್ತಿನಲ್ಲಿ ಹಾಗೇನೂ ಅನ್ನಿಸಲಿಲ್ಲ.

ಅಲ್ಲಿ ಮಧ್ಯಾಹ್ನ ಹನ್ನೆರಡು. ನಮ್ಮಲ್ಲಿ ಎರಡೂವರೆ, ವಕ್ಕಲೇರಿಯ ಚಪ್ಪರದಲ್ಲಿ ಊಟ ಮುಗಿದಿತ್ತು. ಕಾಲ್ ಬಂತು. ಎಲ್ಲರೂ ಫೋನಿನ ಮೇಲೆ ಬಗ್ಗಿದರು.

"ಇದೇನ್ ಭಾವ, ಟೇಕಲ್ ಕಲ್ಲು ಕ್ವಾರಿ ಇದ್ದಂಗೈತೆ?" ಎಂದರು ವೇಣುಗೋಪಾಲಣ್ಣ. "ಸಾವಿರ ಇಟ್ಟಿಗೆ ಗೂಡು ಅಂದ್ರಿ. ಎರಡು ವರ್ಷಕ್ಕೆ ಒಳಗೆ ಕಾಡು ಬೆಳ್ಕೊಂತಾ?"

"ಈ ಅಳಿಯ ಬೆಟ್ಟಾನೇ ಹತ್ತಿಲ್ಲ ಬಿಡಮ್ಮ" ಎಂದರು ಶ್ರೀನಿವಾಸಪುರದ ವೆಂಕಟರಮಣಪ್ಪನವರು. ಎಲ್ಲರೂ ನಕ್ಕರು. ಭಾರತಮ್ಮ ಸೆರಗಿನ ತುದಿ ನೋಡುತ್ತಾ ಕೂತರು.

ಕದಿರೇಶಣ್ಣನಿಗೆ ಅದು ಕಾಣಿಸಿತು.

"ಅತ್ತೆ, ಅವತ್ತು ಹೇಳಿದ್ದು ಸುಳ್ಳು. ನಾನು ಹತ್ತಿರ್ಲಿಲ್ಲ. ಇವತ್ತು ಹತ್ತಿರೋದು ನಿಜ. ಇಲ್ಲಿ ಬೆಂಕಿ ಇಲ್ಲ ಅತ್ತೆ. ನಿಮ್ಮಾಣೆಗೂ ಇಲ್ಲ." ಆಮೇಲೆ ಇಂಗ್ಲಿಷಿನಲ್ಲಿ, "ಕಮಾವು, ನನ್ನ ಪೂರ್ತಿ ತೋರಿಸಿ" ಎಂದರು.

ಕಮಾವು ಫೋನ್ ಹಿಡಿದು ಹಿಂದೆ ಸರಿದರು. ಮೈತುಂಬ ದೂಳಾಗಿದ್ದ ಕದಿರೇಶಣ್ಣ ತಲೆಯಿಂದ ಕಾಲಿನವರೆಗೆ ಕಾಣಿಸಿದರು. ಭಾರತಮ್ಮ ಫೋನನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡರು.

"ಅಲ್ಲಪ್ಪಾ, ಅಷ್ಟು ದೊಡ್ಡ ಬೆಟ್ಟದ ಮೇಲೆ ಬೂಟು ಹಾಕ್ಕೊಂಡು ನಿಂತಿದ್ದೀಯಲ್ಲ! ಬಿಚ್ಚು."

"ಇಲ್ಲಿ ದೇವಸ್ಥಾನ ಇಲ್ಲ ಅತ್ತೆ."

"ಬೆಟ್ಟ ಐತಲ್ಲ, ಬಿಚ್ಚು."

ಬಿಚ್ಚಿದರು. ಕರಿ ಕಲ್ಲಿನ ಮೇಲೆ ಕಾಲಿಟ್ಟವರು ಹಾರಿಬಿದ್ದರು.

"ಅಬ್ಬಬ್ಬಾ! ಸುಡ್ತೈತೆ ಅತ್ತೆ!"

ಚಪ್ಪರದಲ್ಲಿ ನಗು ನಿಂತಿತು. ಭಾರತಮ್ಮ ತಲೆಯೆತ್ತಿದರು. "ಕೇಳಿದ್ರಾ? ಮೇಲೇ ಹಿಂಗೆ ಸುಡೋದಾದ್ರೆ ಒಳಗೆ ಎಷ್ಟು ಬೆಂಕಿ ಇರ್ಬೇಕು!"

"ಬಿಸಿಲಿಗೆ ಕಾದಿರೋದು ಅತ್ತೆ. ಬೆಂಕಿಯಲ್ಲ."

"ನೀನು ಸುಮ್ನಿರಪ್ಪ, ನಿಂಗೇನು ಗೊತ್ತು!"

ವೆಂಕಟರಮಣಪ್ಪನವರು ಕನ್ನಡಕ ಹಾಕಿಕೊಂಡು ಮುಂದೆ ಬಂದರು. "ಬೊಬ್ಬೆ ಎದ್ದೈತಾ ನೋಡೋಣ, ಕಾಲು ತೋರಿಸಪ್ಪ" ಎಂದರು. ಕದಿರೇಶಣ್ಣ ಅಂಗಾಲು ತಿರುಗಿಸಿದರು. ಎರಡು ದಪ್ಪ ಬೊಬ್ಬೆಗಳಿದ್ದವು. ಹೊಸ ಬೂಟು ಕಚ್ಚಿದ್ದು ಎಂದು ಅವರು ಮೂರು ಸಲ ಹೇಳಿದರು. ಫೋನ್ ಅಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು.